ಗಾಜಿನ ಕೊಳವೆಯ ಬಗ್ಗೆ ಒಂದು ಪ್ರಶ್ನೆ

ಫೆಬ್ರವರಿ ತಿಂಗಳ ಒಂದು ಸಂಜೆ, ಸೊಪ್ಪಿನ ಬೆಟ್ಟದಲ್ಲಿ ದರಗು ಗುಡಿಸುತ್ತಿದ್ದ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬರನ್ನು ನಾನು ಕೆಲಸ ಮಾಡುತ್ತಿದ್ದ ಮಲೆನಾಡಿನ ತಾಲ್ಲೂಕು ಆಸ್ಪತ್ರೆಗೆ ಕರೆತಂದರು. ಒಣ ಎಲೆಯನ್ನು ಬುಟ್ಟಿಗೆ ತುಂಬುವಾಗ ಬಲಗೈಯ ತೋರುಬೆರಳಿಗೆ ಹಾವು ಕಚ್ಚಿತ್ತು. ಅವರ ಗಂಡ ಹಾವನ್ನು ಹೊಡೆದು, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದರು. ಒಂದೂವರೆ ಗೇಣು ಉದ್ದದ, ತರಗೆಲೆಯದೇ ಬಣ್ಣದ ಹಾವು. ನೋಡಿದವರು ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ನಾನು ಪಠ್ಯಪುಸ್ತಕದ ನೆನಪಿನ ಮೇಲೆ ಕೇಸ್ ಶೀಟಿನಲ್ಲಿ ಗರಗಸ ಮಂಡಲ ಎಂದು ಬರೆದೆ. ಆ ಎರಡು ಪದಗಳು ತಪ್ಪಾಗಿದ್ದವು. ಅವು ತಪ್ಪೆಂದು ತಿಳಿದದ್ದು ಒಂದು ವೈದ್ಯಕೀಯ ಪತ್ರಿಕೆಯಿಂದ. ಆ ತಪ್ಪನ್ನು ಬರೆದು ಪ್ರಕಟಿಸಲು ಹೊರಟಾಗ ನಾನು ಮಾಡಿದ್ದ ಇನ್ನೂ ಕೆಲವು ತಪ್ಪುಗಳನ್ನು ಕಂಡುಹಿಡಿದದ್ದು ಇನ್ನೊಂದು ಪತ್ರಿಕೆ.

ಬಂದ ಕೂಡಲೇ ಮಾಡುವ ಪರೀಕ್ಷೆ ಸರಳವಾದದ್ದು. ಎರಡು ಮಿಲಿಲೀಟರ್ ರಕ್ತವನ್ನು ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕಿ, ಅಲುಗಿಸದೆ ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಒಮ್ಮೆ ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟಿದ್ದರೆ ಸದ್ಯಕ್ಕೆ ಸಮಾಧಾನ. ನೀರಿನಂತೆ ಹರಿದರೆ ವಿಷ ರಕ್ತಕ್ಕೆ ಇಳಿದಿದೆ ಎಂದು ಅರ್ಥ. ಅವರ ರಕ್ತ ಹರಿಯಿತು. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷವಾದ ಎಎಸ್‌ವಿಯನ್ನು ಹತ್ತು ವಯಲ್, ಅಂದರೆ ಹತ್ತು ಸಣ್ಣ ಸೀಸೆ, ಕೊಟ್ಟೆವು. ಆರು ಗಂಟೆಯ ನಂತರ ಪರೀಕ್ಷಿಸಿದಾಗ ರಕ್ತ ಮತ್ತೆ ಹರಿಯಿತು. ಇನ್ನೂ ಹತ್ತು ವಯಲ್ ಕೊಟ್ಟೆವು. ಅದರ ನಡುವೆ ಮೈಯೆಲ್ಲ ತುರಿಕೆ ಎದ್ದು, ಚಳಿ ನಡುಕ ಬಂದು, ಅಡ್ರಿನಲಿನ್ ಚುಚ್ಚಬೇಕಾಯಿತು. ಮತ್ತೆ ಆರು ಗಂಟೆ ಕಳೆದರೂ ರಕ್ತ ಹೆಪ್ಪುಗಟ್ಟಲಿಲ್ಲ. ಕೈ ಮೊಣಕೈಯವರೆಗೆ ಊದಿತ್ತು, ಮೂತ್ರ ಕಡಿಮೆಯಾಗುತ್ತಿತ್ತು. ಚಿಕಿತ್ಸಾ ನಿಯಮದ ಪ್ರಕಾರ ಇನ್ನೂ ಹತ್ತು ವಯಲ್ ಕೊಡಲು ಅವಕಾಶವಿತ್ತು, ಕಪಾಟಿನಲ್ಲಿ ಔಷಧವೂ ಇತ್ತು.

ಕೊಡುವ ಮೊದಲು ನಾನು ಡ್ಯೂಟಿ ಕೋಣೆಯಲ್ಲಿ ಕುಳಿತು, ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣವಾದ ಪಬ್‌ಮೆಡ್‌ನಲ್ಲಿ ಹುಡುಕಿದೆ. ಆಗ ಸಿಕ್ಕಿದ್ದು ಕೇರಳದ ವೈದ್ಯರು 2007ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಟ್ರಾಪಿಕಲ್ ಮೆಡಿಸಿನ್ ಅಂಡ್ ಹೈಜೀನ್‌ನ ಪತ್ರಿಕೆಯಲ್ಲಿ ಪ್ರಕಟಿಸಿದ್ದ ಲೇಖನ. ಅದು ಹಂಪ್ ನೋಸ್ಡ್ ಪಿಟ್ ವೈಪರ್ ಎಂಬ, ಮೂಗಿನ ತುದಿ ಮೇಲಕ್ಕೆ ಉಬ್ಬಿರುವ ಸಣ್ಣ ಗುಳಿ ಮಂಡಲದ ಕಡಿತದ ಕುರಿತದ್ದು. ಅಲ್ಲಿಯವರೆಗೆ ಭಾರತದಲ್ಲಿ ಆ ಹಾವನ್ನು ಪ್ರಾಣಾಪಾಯಕಾರಿ ಎಂದು ಯಾರೂ ಎಣಿಸಿರಲಿಲ್ಲ. ಅದು ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಗುಣ ಕೆಡಬಹುದು, ಮೂತ್ರಪಿಂಡ ಸೋಲಬಹುದು, ನಮ್ಮಲ್ಲಿರುವ ಎಎಸ್‌ವಿ ಅದಕ್ಕೆ ಕೆಲಸ ಮಾಡುವುದಿಲ್ಲ ಎಂಬುದನ್ನು ಆ ವೈದ್ಯರು ಹಾವನ್ನು ಸರಿಯಾಗಿ ಗುರುತಿಸಿ ದಾಖಲಿಸಿದ್ದರು. ನಮ್ಮ ದೇಶದ ಎಎಸ್‌ವಿ ತಯಾರಾಗುವುದು ನಾಲ್ಕು ಹಾವುಗಳ ವಿಷದಿಂದ: ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ಐದನೆಯದು ಆ ಪಟ್ಟಿಯಲ್ಲಿಲ್ಲ. ನನಗೆ ಅಂದು ಓದಲು ದೊರೆತದ್ದು ಲೇಖನದ ಸಾರಾಂಶ ಮಾತ್ರ. ಪೂರ್ತಿ ಲೇಖನಕ್ಕೆ ಹಣ ಕೊಡಬೇಕಿತ್ತು. ಆದರೂ ಆ ಒಂದು ಪ್ಯಾರಾ ಸಾಕಾಯಿತು. ಡಬ್ಬಿಯ ಮುಚ್ಚಳ ತೆಗೆದು, ಮೊಬೈಲಿನ ಬೆಳಕಿನಲ್ಲಿ ಹಾವಿನ ತಲೆಯನ್ನು ಮತ್ತೆ ನೋಡಿದೆ. ಮೂಗು ಉಬ್ಬಿತ್ತು. ಐದು ಫೋಟೊ ತೆಗೆದುಕೊಂಡೆ, ಎಎಸ್‌ವಿ ನಿಲ್ಲಿಸಿದೆ, ಬೆಳಗ್ಗೆ ಡಯಾಲಿಸಿಸ್ ಸೌಲಭ್ಯವಿರುವ ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದೆ. ಎರಡು ಸಲ ಡಯಾಲಿಸಿಸ್ ಆಗಿ, ಮೂರು ವಾರಕ್ಕೆ ಅವರು ಮನೆಗೆ ಬಂದರು.

ನನಗೆ ಪರಿಚಯವೇ ಇಲ್ಲದ ಕೆಲವರು ವರ್ಷಗಳ ಹಿಂದೆ ತಾವು ಕಂಡದ್ದನ್ನು ಬರೆದಿಟ್ಟದ್ದರಿಂದ, ಕೆಲಸ ಮಾಡದ ಔಷಧವನ್ನು ಇನ್ನೂ ಹತ್ತು ವಯಲ್ ಸುರಿಯುವುದು ತಪ್ಪಿತು. ನಮ್ಮ ಕಡೆಯಿಂದಲೂ ಇಂಥದ್ದೊಂದು ದಾಖಲೆ ಇರಬೇಕು ಎಂದು ನನಗೆ ಆಗಲೇ ಅನಿಸಿತು. ಮೆಡಿಕಲ್ ಕಾಲೇಜಿನಲ್ಲಿ ನನಗೆ ಪಾಠ ಹೇಳಿದ್ದ ಹಿರಿಯರಿಗೆ ಫೋನ್ ಮಾಡಿದೆ. ಅವರು, "ಬರಿಯಮ್ಮಾ. ಆದರೆ ಕಣ್ಣಾರೆ ಕಂಡದ್ದು ಒಂದು ಕಡೆ ಇರಲಿ, ನೀನು ಊಹಿಸಿದ್ದು ಬೇರೆ ಪ್ಯಾರಾದಲ್ಲಿ ಇರಲಿ" ಎಂದರು. ಈ ಮಾತು ಎಷ್ಟು ಕಷ್ಟದ್ದೆಂದು ಆಗ ನನಗೆ ಅರ್ಥವಾಗಲಿಲ್ಲ.

ಮೊದಲ ಕೆಲಸ ರೋಗಿಯ ಒಪ್ಪಿಗೆ. ಪತ್ರಿಕೆಯ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ತಂದು, ತಪಾಸಣೆಗೆ ಬಂದಿದ್ದ ಆ ಅಕ್ಕನಿಗೆ ಓದಿ ಹೇಳಿದೆ. ಹೆಸರು, ಊರು ಬರುವುದಿಲ್ಲ, ಬೆರಳಿನ ಫೋಟೊ ಬರುತ್ತದೆ, ಮುಖ ಬರುವುದಿಲ್ಲ, ಬೇಡವೆಂದರೆ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ ಎಂದೆ. "ಹೆಸರಿಲ್ದಿದ್ರೆ ಓದಿದೋರಿಗೆ ಏನು ಗೊತ್ತಾಗ್ತದೆ ಡಾಕ್ಟ್ರಮ್ಮ?" ಎಂದು ಕೇಳಿದರು. ಯಾವ ಹಾವು, ಏನಾಯಿತು, ಯಾವ ಔಷಧ ನಾಟಲಿಲ್ಲ ಎಂಬುದು ಗೊತ್ತಾಗುತ್ತದೆ ಎಂದೆ. ಸಹಿ ಹಾಕಿದರು. 2013ರಿಂದ ಕೇಸ್ ರಿಪೋರ್ಟ್, ಅಂದರೆ ಒಬ್ಬ ರೋಗಿಯ ಪ್ರಕರಣದ ವರದಿ, ಬರೆಯುವವರಿಗೆ ಕೇರ್ ಎಂಬ ಮಾರ್ಗಸೂಚಿ ಇದೆ. ಅದರಲ್ಲಿ ರೋಗಿಯ ಅನಿಸಿಕೆಗೂ ಒಂದು ಜಾಗವಿದೆ. ಆ ಜಾಗಕ್ಕೆಂದು ಕೇಳಿದಾಗ ಅವರು ಹೇಳಿದ್ದು ಇದು: "ಇಂಜೆಕ್ಷನ್ ಜಾಸ್ತಿ ಕೊಟ್ಟಷ್ಟೂ ಬೇಗ ಗುಣ ಆಗ್ತದೆ ಅಂದ್ಕೊಂಡಿದ್ದೆ. ನೀವು ನಿಲ್ಸಿದ ದಿನ ಇನ್ನು ನನ್ನ ಕೈಬಿಟ್ರು ಅಂತ ಹೆದರಿ ಹೋಗಿದ್ದೆ." ಔಷಧ ನಿಲ್ಲಿಸಿದ ಕಾರಣವನ್ನು ನಾನು ಕೇಸ್ ಶೀಟಿಗೆ ಹೇಳಿದ್ದೆ, ನರ್ಸುಗಳಿಗೆ ಹೇಳಿದ್ದೆ, ಅವರಿಗೆ ಹೇಳಿರಲಿಲ್ಲ. ಆ ಜಾಗವಿಲ್ಲದಿದ್ದರೆ ನಾನು ಕೇಳುತ್ತಲೇ ಇರಲಿಲ್ಲ.

ಬರೆಯಲು ಎರಡು ತಿಂಗಳು ಹಿಡಿಯಿತು. ಈ ನಡುವೆ, ಚಿಕಿತ್ಸೆಯಲ್ಲಾಗಲಿ ಬರವಣಿಗೆಯಲ್ಲಾಗಲಿ ಯಾವ ಪಾತ್ರವೂ ಇಲ್ಲದ ಒಬ್ಬರು ತಮ್ಮ ಬಡ್ತಿಗೆ ಬೇಕೆಂದು ಲೇಖಕರ ಪಟ್ಟಿಯಲ್ಲಿ ಹೆಸರು ಸೇರಿಸಲು ಕೇಳಿಕೊಂಡರು. ಯಾರು ಏನು ಮಾಡಿದರು ಎಂಬುದನ್ನು ಪ್ರತಿಯೊಬ್ಬ ಲೇಖಕರೂ ಬರೆದು ಸಹಿ ಮಾಡಬೇಕೆಂಬ ಪತ್ರಿಕೆಯ ನಿಯಮವನ್ನು ತೋರಿಸಿ ಆಗುವುದಿಲ್ಲ ಎಂದೆ. ಸ್ವಲ್ಪ ಕಾಲ ಮಾತು ನಿಂತಿತು. ಪ್ರಕಟಣೆಗಳ ಸಂಖ್ಯೆಗೂ ಬಡ್ತಿಗೂ ಗಂಟು ಹಾಕಿದ ಮೇಲೆ ಇಂಥ ಕೋರಿಕೆಗಳು ಬಾರದಿರುವುದು ಸಾಧ್ಯವಿಲ್ಲ. ನನ್ನ ದೃಷ್ಟಿಯಲ್ಲಿ ನಮ್ಮ ದೇಶದ ವೈದ್ಯಕೀಯ ಬರವಣಿಗೆಗೆ ಆಗಿರುವ ದೊಡ್ಡ ಹಾನಿಗಳಲ್ಲಿ ಇದೂ ಒಂದು.

ಇನ್ನೊಂದು ಹಾನಿಯನ್ನೂ ಹತ್ತಿರದಿಂದ ಕಂಡೆ. ಮೊದಲು ಕಳುಹಿಸಿದ ಪತ್ರಿಕೆ ಒಂಬತ್ತು ದಿನಗಳಲ್ಲಿ, ತಮ್ಮ ಓದುಗರಿಗೆ ಹೊಂದುವುದಿಲ್ಲವೆಂದು ಮರಳಿಸಿತು. ಅದೇ ವಾರ ಇನ್ನೊಂದು ಪತ್ರಿಕೆಯಿಂದ ತಾನಾಗಿ ಮಿಂಚಂಚೆ ಬಂತು. ಹೆಸರು ಭರ್ಜರಿಯಾಗಿತ್ತು, ನನ್ನನ್ನು ಖ್ಯಾತ ವಿಜ್ಞಾನಿ ಎಂದು ಸಂಬೋಧಿಸಿತ್ತು. ಬೇಸರದಲ್ಲಿದ್ದ ನಾನು ಲೇಖನ ಕಳುಹಿಸಿಬಿಟ್ಟೆ. ಮರುದಿನ ಬೆಳಗ್ಗೆಯೇ ಸ್ವೀಕರಿಸಿದ್ದೇವೆಂಬ ಉತ್ತರವೂ ಶುಲ್ಕದ ಬಿಲ್ಲೂ ಒಟ್ಟಿಗೆ ಬಂದವು. ಒಂದೇ ಒಂದು ಪ್ರಶ್ನೆ ಇರಲಿಲ್ಲ. ಕೋಷ್ಟಕದಲ್ಲಿ ಒಂದು ದಿನಾಂಕವನ್ನು ನಾನು ತಪ್ಪಾಗಿ ಬರೆದಿದ್ದೆ, ರೋಗಿ ಆಸ್ಪತ್ರೆಗೆ ಬರುವ ಹಿಂದಿನ ದಿನವೇ ಡಯಾಲಿಸಿಸ್ ಆದಂತಿತ್ತು. ಅದನ್ನು ಕೂಡ ಯಾರೂ ಓದಿರಲಿಲ್ಲ. ಹಣ ಕಟ್ಟದೆ ಲೇಖನವನ್ನು ಹಿಂತೆಗೆದುಕೊಂಡೆ.

ಮೂರನೆಯದು ವೈದ್ಯರ ವೃತ್ತಿ ಸಂಘವೊಂದು ನಡೆಸುವ, ಲೇಖಕರಿಂದ ಶುಲ್ಕ ಪಡೆಯದ ಪತ್ರಿಕೆ. ನಾಲ್ಕು ತಿಂಗಳ ಮೌನದ ನಂತರ ಸಂಪಾದಕರ ಪತ್ರ ಬಂತು. ಇಬ್ಬರು ಪರಿಶೀಲಕರು ಓದಿದ್ದರು. ಅವರು ಯಾರೆಂದು ನನಗೆ ತಿಳಿಯದು, ನಾನು ಯಾರೆಂದು ಅವರಿಗೂ ತಿಳಿಯದಂತೆ ಪತ್ರಿಕೆ ಹೆಸರುಗಳನ್ನು ತೆಗೆದಿತ್ತು. ಒಬ್ಬರು ನಾಲ್ಕು ಪ್ರಶ್ನೆ ಕೇಳಿದ್ದರು, ಇನ್ನೊಬ್ಬರು ಹನ್ನೊಂದು. ಅವರಿಗೆ ಈ ಕೆಲಸಕ್ಕೆ ಒಂದು ರೂಪಾಯಿಯೂ ಸಿಗುವುದಿಲ್ಲ. ತಮ್ಮ ಹೊರರೋಗಿಗಳನ್ನು ನೋಡಿ ಮುಗಿಸಿ, ಯಾವುದೋ ಊರಿನಲ್ಲಿ ಕುಳಿತು, ನನ್ನ ಆರು ಪುಟಗಳನ್ನು ನನಗಿಂತ ಗಮನವಿಟ್ಟು ಓದಿದ್ದರು.

ಹಾವನ್ನು ಗುರುತಿಸಿದವರು ಯಾರು, ಹೇಗೆ ಗುರುತಿಸಿದರು, ಹಾವನ್ನು ಕಾದಿರಿಸಿದ್ದೀರಾ ಎಂಬುದು ಮೊದಲ ಪ್ರಶ್ನೆ. ಹಾವನ್ನು ಮರುದಿನವೇ ಆಸ್ಪತ್ರೆಯ ಹಿಂಭಾಗದಲ್ಲಿ ಹೂಳಿಬಿಟ್ಟಿದ್ದರು. ಉಬ್ಬಿದ ಮೂಗೊಂದರಿಂದಲೇ ಜಾತಿಯನ್ನು ನಿರ್ಧರಿಸಲಾಗದು ಎಂದು ಪರಿಶೀಲಕರು ಬರೆದಿದ್ದರು. ಹಾವುಗಳ ಅಧ್ಯಯನ ಮಾಡುವ ಒಬ್ಬರಿಗೆ ಐದೂ ಫೋಟೊ ಕಳುಹಿಸಿದೆ, ಮೂರು ಮಸುಕಾಗಿದ್ದವು. ಉಳಿದ ಎರಡರಲ್ಲಿ ಅವರು ತೋರಿಸಿದ್ದನ್ನು ಇಂದಿಗೂ ಹೊಸ ವೈದ್ಯರಿಗೆ ತೋರಿಸುತ್ತೇನೆ: ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ, ಬಿಸಿಯನ್ನು ಗ್ರಹಿಸುವ ಒಂದು ಸಣ್ಣ ಗುಳಿ, ನೆತ್ತಿಯ ಮೇಲೆ ದೊಡ್ಡ ಫಲಕಗಳಂತೆ ಜೋಡಿಸಿದ ಹುರುಪೆಗಳು. ಗರಗಸ ಮಂಡಲಕ್ಕೆ ಆ ಗುಳಿ ಇರುವುದಿಲ್ಲ, ಅದರ ನೆತ್ತಿಯ ತುಂಬ ಸಣ್ಣ ಒರಟು ಹುರುಪೆಗಳಿರುತ್ತವೆ. ಒಂದು ಫೋಟೊ ಕೂಡ ಸ್ಪಷ್ಟವಾಗಿ ಬಾರದಿದ್ದರೆ ಇಡೀ ಲೇಖನ ಅಲ್ಲಿಗೆ ಮುಗಿಯುತ್ತಿತ್ತು, ಮುಗಿಯಬೇಕಾದದ್ದೂ ಹೌದು. ಏಕೆಂದರೆ ಯಾವ ಹಾವೆಂದು ಖಚಿತವಿಲ್ಲದೆ ಎಎಸ್‌ವಿ ನಾಟಲಿಲ್ಲ ಎಂದು ಬರೆದರೆ ಅದನ್ನು ನಂಬಿ ಯಾರೋ ಇನ್ನೊಬ್ಬ ವೈದ್ಯ ಕೊಳಕು ಮಂಡಲದ ಕಡಿತಕ್ಕೆ ಔಷಧ ನಿಲ್ಲಿಸಬಹುದಿತ್ತು.

ಏಳನೆಯ ಪ್ರಶ್ನೆ ಒಂದೇ ಸಾಲಿನದು. ರಕ್ತ ಪರೀಕ್ಷೆಗೆ ಬಳಸಿದ ಗಾಜಿನ ಕೊಳವೆ ಹೊಸದೇ, ತೊಳೆದು ಮರುಬಳಸಿದ್ದೇ, ತೊಳೆದದ್ದಾದರೆ ಯಾವುದರಿಂದ?

ಸಿಟ್ಟು ಬಂತು. ಹಗಲು ರಾತ್ರಿ ಎನ್ನದೆ ರೋಗಿಯನ್ನು ನೋಡಿಕೊಂಡವರಿಗೆ ಕೊಳವೆಯ ಲೆಕ್ಕ ಕೇಳುತ್ತಾರಲ್ಲ ಎನಿಸಿತು. ಮರುದಿನ ಬೆಳಗ್ಗೆ ವಾರ್ಡಿನ ಹಿಂದಿನ ಸಿಂಕಿನ ಬಳಿ ಹೋಗಿ ನಿಂತೆ. ಕಿಟಕಿಯ ಕಟ್ಟೆಯ ಮೇಲೆ ಹತ್ತೋ ಹನ್ನೆರಡೋ ಟೆಸ್ಟ್ ಟ್ಯೂಬುಗಳನ್ನು ಬೋರಲು ಹಾಕಿದ್ದರು. ಪಕ್ಕದಲ್ಲಿ ಸೋಪಿನ ಪುಡಿಯ ಡಬ್ಬಿ, ತುದಿ ಸವೆದ ಬ್ರಷ್. ಒಂದನ್ನು ಬೆಳಕಿಗೆ ಹಿಡಿದಾಗ ತಳದಲ್ಲಿ ತೆಳುವಾದ ಬಿಳಿ ಪೊರೆ ಕಂಡಿತು. ಗಾಜಿನ ಮೇಲ್ಮೈಯೇ ರಕ್ತ ಹೆಪ್ಪುಗಟ್ಟುವ ಕ್ರಿಯೆಯನ್ನು ಚುರುಕುಗೊಳಿಸುವುದು. ಸೋಪಿನ ಅಂಶ ಅಂಟಿದ್ದರೆ ಚೆನ್ನಾಗಿರುವವರ ರಕ್ತ ಕೂಡ ಹೆಪ್ಪುಗಟ್ಟದೆ ಉಳಿಯಬಹುದು. ಇದು ನಾನು ಓದಿದ ವಿಷಯವೇ. ಓದಿದ್ದಕ್ಕೂ ಆ ಸಿಂಕಿಗೂ ಸಂಬಂಧವಿದೆ ಎಂದು ಯೋಚಿಸಿರಲಿಲ್ಲ. ನನ್ನ ರಕ್ತವನ್ನೇ ತೆಗೆಸಿ, ತೊಳೆದ ಒಂದು ಕೊಳವೆಗೂ ಪ್ರಯೋಗಾಲಯದಿಂದ ತರಿಸಿದ ಒಂದು ಹೊಸ ಕೊಳವೆಗೂ ಹಾಕಿ, ಗಡಿಯಾರ ನೋಡುತ್ತ ಕುಳಿತೆ. ಇಪ್ಪತ್ತು ನಿಮಿಷಕ್ಕೆ ಹೊಸ ಕೊಳವೆಯಲ್ಲಿ ಗಟ್ಟಿ ಹೆಪ್ಪು ಇತ್ತು. ತೊಳೆದದ್ದನ್ನು ಓರೆ ಮಾಡಿದಾಗ ನನ್ನ ರಕ್ತ ಗಾಜಿನ ಗೋಡೆಗುಂಟ ನಿಧಾನವಾಗಿ ಹರಿದು ಬಂತು.

ಆ ಹೊತ್ತಿನಲ್ಲಿ ನನ್ನ ಮನಸ್ಸಿಗೆ ಬಂದದ್ದು ಲೇಖನವಲ್ಲ. ಇಷ್ಟು ವರ್ಷಗಳಲ್ಲಿ ಇದೇ ಕೊಳವೆಗಳನ್ನು ನಂಬಿ ಎಷ್ಟು ಜನರಿಗೆ ಬೇಡದ ಎಎಸ್‌ವಿ ಕೊಟ್ಟಿದ್ದೇವೋ, ಎಷ್ಟು ಜನ ಅದರ ಅಲರ್ಜಿಯಿಂದ ನರಳಿದ್ದಾರೋ ಎಂಬ ಯೋಚನೆ. ಅಂದೇ ತೊಳೆದ ಕೊಳವೆಗಳನ್ನು ತೆಗೆಸಿದೆವು. ಹೊಸ ಗಾಜಿನ ಕೊಳವೆಗಳ ಪೆಟ್ಟಿಗೆಯನ್ನು ಎಎಸ್‌ವಿ ಇರುವ ಕಪಾಟಿನಲ್ಲೇ ಇಟ್ಟು, ಬಳಸಿದ ಕೊಳವೆಯನ್ನು ಎಸೆಯಬೇಕೆಂದು ಬರೆದು ಅಂಟಿಸಿದೆವು. ರಕ್ತ ಹಾಕಿದ ಗಂಟೆ, ಓರೆ ಮಾಡಿ ನೋಡಿದ ಗಂಟೆ ಎರಡನ್ನೂ ಕೇಸ್ ಶೀಟಿನಲ್ಲಿ ಬರೆಯುವ ಪದ್ಧತಿ ಶುರುವಾದದ್ದೂ ಅಂದಿನಿಂದಲೇ.

ಲೇಖನದಲ್ಲಿ ಇದನ್ನೆಲ್ಲ ಒಪ್ಪಿಕೊಳ್ಳಬೇಕಾಯಿತು. ನಮ್ಮ ಆಸ್ಪತ್ರೆಯ ಮೂರು ಪರೀಕ್ಷೆಗಳ ಫಲಿತಾಂಶವನ್ನು ಪೂರ್ತಿ ನಂಬಲಾಗದು, ಕೊಳವೆಗಳು ಮರುಬಳಸಿದವು ಎಂದು ಬರೆದೆ. ಜಿಲ್ಲಾ ಕೇಂದ್ರದ ಪ್ರಯೋಗಾಲಯದಲ್ಲಿ ಯಂತ್ರದಿಂದ ಮಾಡಿದ ಎರಡು ದಿನಗಳ ಪರೀಕ್ಷೆಯೂ ರಕ್ತ ಹೆಪ್ಪುಗಟ್ಟುತ್ತಿಲ್ಲವೆಂದೇ ತೋರಿಸಿದ್ದರಿಂದ ಕೇಸ್ ರಿಪೋರ್ಟ್ ನಿಂತಿತು. ಆದರೆ ಇಪ್ಪತ್ತು ವಯಲ್ ಎಎಸ್‌ವಿಯಿಂದ ಸ್ವಲ್ಪವೂ ಪ್ರಯೋಜನವಾಗಲಿಲ್ಲ ಎಂಬ ನನ್ನ ದಿಟ್ಟ ವಾಕ್ಯ ಹೋಗಿ, ಪ್ರಯೋಜನವಾದ ಲಕ್ಷಣ ಕಾಣಲಿಲ್ಲ ಎಂಬ ಅಳೆದು ತೂಗಿದ ವಾಕ್ಯ ಬಂತು. ಕೊನೆಯ ಪ್ಯಾರಾದಲ್ಲಿ ಮಲೆನಾಡಿನಲ್ಲೆಲ್ಲ ಇದೇ ಪರಿಸ್ಥಿತಿ ಇದೆ ಎಂದು ಬರೆದಿದ್ದೆ. ಒಬ್ಬ ರೋಗಿಯಿಂದ ಅದನ್ನು ಹೇಳಲಾಗದೆಂದು ಎರಡನೆಯ ಪರಿಶೀಲಕರು ಹೊಡೆದುಹಾಕಿಸಿದರು. ಆರು ಪುಟ ಮೂರೂವರೆಗೆ ಇಳಿಯಿತು. ಕಂಡದ್ದು ಒಂದು ಕಡೆ, ಊಹೆ ಬೇರೆ ಪ್ಯಾರಾದಲ್ಲಿ ಎಂದು ನನ್ನ ಗುರುಗಳು ಹೇಳಿದ್ದ ಮಾತು ಆ ಮೂರೂವರೆ ಪುಟಗಳಲ್ಲಿ ಕೈಗೂಡಿತ್ತು.

ಮಲೆನಾಡಿನವರಾದ ನಮಗೆ ಇಂಥ ಬರವಣಿಗೆಯ ಋಣ ಹಳೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಜನ ಜ್ವರದಲ್ಲಿ ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್, ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ತಮಗೆ ಕಂಡದ್ದನ್ನು ಅದೇ ವರ್ಷ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ ಪ್ರಕಟಿಸಿದರು. ಮಂಗನ ಕಾಯಿಲೆ ಉಣ್ಣೆ ಹುಳುವಿನಿಂದ ಹರಡುತ್ತದೆ ಎಂದು ಇಂದು ನಮ್ಮ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಹೇಳುತ್ತಾರಲ್ಲ, ಆ ಮಾತಿನ ಮೂಲ ಅಂಥ ಲೇಖನಗಳಲ್ಲಿದೆ. ಹಾವು ಕಡಿತದ ವಿಷಯದಲ್ಲೂ ಹಾಗೆಯೇ. ಭಾರತದಲ್ಲಿ ವರ್ಷಕ್ಕೆ ಸುಮಾರು 46,000 ಜನ ಹಾವು ಕಚ್ಚಿ ಸಾಯುತ್ತಾರೆಂದು, ಮನೆ ಮನೆಯ ಸಮೀಕ್ಷೆಯ ಆಧಾರದ ಮೇಲೆ 2011ರಲ್ಲಿ ಒಂದು ಪತ್ರಿಕೆಯಲ್ಲಿ ಲೇಖನ ಬಂತು. ಆಸ್ಪತ್ರೆಗಳ ಸರ್ಕಾರಿ ಲೆಕ್ಕ ಅದರ ಮೂವತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ಹಲವರು ಆಸ್ಪತ್ರೆಯ ಮುಖವನ್ನೇ ನೋಡದವರು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಎಣಿಸಿ ಬರೆದವರು ಇಲ್ಲದಿದ್ದರೆ ಈ ಆದೇಶಗಳಿಗೆ ಆಧಾರವೇ ಇರುತ್ತಿರಲಿಲ್ಲ.

ಪತ್ರಿಕೆಗಳು ಎಡವುವುದಿಲ್ಲವೆಂದು ನಾನು ಹೇಳಲಾರೆ. ಲಸಿಕೆಗೂ ಆಟಿಸಂಗೂ ಸಂಬಂಧ ಕಲ್ಪಿಸಿದ ಲೇಖನವನ್ನು 1998ರಲ್ಲಿ ಪ್ರಕಟಿಸಿದ್ದು 1823ರಿಂದ ನಡೆದು ಬಂದಿರುವ ದಿ ಲ್ಯಾನ್ಸೆಟ್. ಅದನ್ನು ಪೂರ್ತಿಯಾಗಿ ಹಿಂತೆಗೆದುಕೊಳ್ಳಲು 2010 ಬರಬೇಕಾಯಿತು. ಆ ಹನ್ನೆರಡು ವರ್ಷಗಳ ಹಾನಿ ಇನ್ನೂ ಮುಗಿದಿಲ್ಲ, ಲಸಿಕೆ ಹಾಕಿಸಲು ಹಿಂಜರಿಯುವ ತಂದೆ ತಾಯಂದಿರನ್ನು ಇಂದಿಗೂ ನೋಡುತ್ತೇನೆ. ನನ್ನ ಕೋಷ್ಟಕದ ತಪ್ಪು ದಿನಾಂಕವನ್ನು ಕೂಡ ಆ ಇಬ್ಬರು ಪರಿಶೀಲಕರಲ್ಲಿ ಒಬ್ಬರು ಮಾತ್ರ ಕಂಡುಹಿಡಿದಿದ್ದರು.

ಕೇಸ್ ರಿಪೋರ್ಟ್ ಪ್ರಕಟವಾದಾಗ ಮೊದಲು ಕಳುಹಿಸಿದ ದಿನದಿಂದ ಹದಿನಾಲ್ಕು ತಿಂಗಳಾಗಿತ್ತು. ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಎರಡು ತಿಂಗಳ ನಂತರ ಸಂಪಾದಕರು ಒಂದು ಪತ್ರವನ್ನು ಕಳುಹಿಸಿ, ಇದಕ್ಕೆ ಉತ್ತರ ಕೊಡಬಯಸುವಿರಾ ಎಂದು ಕೇಳಿದರು. ಮೂತ್ರಪಿಂಡ ತಜ್ಞರೊಬ್ಬರು ಬರೆದ ಪತ್ರ ಅದು. ಇದೇ ಬಗೆಯ ಹಾವುಗಳು ಹೆಚ್ಚಾಗಿರುವ ಶ್ರೀಲಂಕಾದಲ್ಲಿ, ಕಡಿತದ ನಂತರ ಮೂತ್ರಪಿಂಡ ಸುಧಾರಿಸಿದಂತೆ ಕಂಡ ಕೆಲವರಲ್ಲಿ ಮುಂದೆ ಶಾಶ್ವತ ದೋಷ ಉಳಿದದ್ದು ವರದಿಯಾಗಿದೆ. ನಿಮ್ಮ ರೋಗಿಯನ್ನು ಮೂರನೆಯ ವಾರದ ನಂತರ ಪರೀಕ್ಷಿಸಿದ್ದೀರಾ, ಪೂರ್ತಿ ಗುಣವಾದರೆಂದು ಯಾವ ಆಧಾರದ ಮೇಲೆ ಬರೆದಿರಿ ಎಂದು ಅವರು ಕೇಳಿದ್ದರು. ನನ್ನ ಬಳಿ ಆಧಾರವಿರಲಿಲ್ಲ. ಆ ಅಕ್ಕ ಚೆನ್ನಾಗಿ ಓಡಾಡುತ್ತಿದ್ದರು, ಅದನ್ನೇ ಗುಣವಾಯಿತೆಂದು ಬರೆದಿದ್ದೆ.

ಮುಂದಿನ ಭಾನುವಾರ ಲ್ಯಾಬ್ ಟೆಕ್ನಿಷಿಯನ್ ಜೊತೆ ಅವರ ಮನೆಗೆ ಹೋದೆ. ಅಂಗಳದಲ್ಲಿ ಅಡಿಕೆ ಒಣಗಿಸಿದ್ದರು. ಜಗುಲಿಯ ಮೇಲೆ ಕೂರಿಸಿ ಬಿ.ಪಿ. ನೋಡಿದೆ, ರಕ್ತ ತೆಗೆದುಕೊಂಡೆವು. ಪ್ರಕಟವಾದ ಪುಟಗಳನ್ನು ಕೊಟ್ಟಾಗ ಅವರು ಅಕ್ಷರಗಳನ್ನು ದಾಟಿ ತಮ್ಮ ಬೆರಳಿನ ಫೋಟೊ ಇರುವ ಕಡೆಗೆ ಬಂದು, ಈಗಿನ ಬೆರಳನ್ನು ಅದರ ಪಕ್ಕದಲ್ಲಿಟ್ಟು ನೋಡಿದರು. ತುದಿಯಲ್ಲಿ ಸಣ್ಣದೊಂದು ಕಲೆ ಉಳಿದಿತ್ತು. ಮಾತಿನ ನಡುವೆ, ಮಂಡಿ ನೋವಿಗೆ ಪೇಟೆಯ ಅಂಗಡಿಯಿಂದ ತಂದ ಮಾತ್ರೆಯನ್ನು ದಿನಕ್ಕೆ ಎರಡರಂತೆ ನುಂಗುತ್ತಿದ್ದೇನೆಂದರು. ಹಾಳೆ ತೋರಿಸಿದರು, ಮೂತ್ರಪಿಂಡಕ್ಕೆ ಒಳ್ಳೆಯದಲ್ಲದ ನೋವಿನ ಮಾತ್ರೆಯೇ. ಮರುದಿನದ ವರದಿಯಲ್ಲಿ, ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯೇಟಿನಿನ್ ಇರಬೇಕಾದ್ದಕ್ಕಿಂತ ಸ್ವಲ್ಪ ಮೇಲಿತ್ತು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಆ ಮಾತ್ರೆ ನಿಲ್ಲಿಸಿದೆವು, ನೋವಿಗೆ ಬೇರೆ ಏರ್ಪಾಡು ಮಾಡಿದೆವು, ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರಬೇಕೆಂದು ಹೇಳಿ ಕಾರಣವನ್ನೂ ಈ ಸಲ ಅವರಿಗೇ ವಿವರಿಸಿ ಹೇಳಿದೆ. ಪತ್ರಿಕೆಗೆ ನಾನು ಕಳುಹಿಸಿದ ಉತ್ತರ ಐದು ಸಾಲಿನದು: ರೋಗಿ ಪೂರ್ತಿ ಗುಣವಾಗಿದ್ದಾರೆಂದು ಬರೆದದ್ದು ತಪ್ಪು, ಹೊಸ ಪರೀಕ್ಷೆಯ ಅಂಕಿಗಳು ಇವು, ಪತ್ರ ಬರೆದವರಿಗೆ ಕೃತಜ್ಞತೆಗಳು.